ತ್ಸುಕುಬಾದಲ್ಲಿ ಕುಳಿತು ಅಮೆರಿಕ ಆಳಿದವನು

ಜುಲೈ ತಿಂಗಳ ಒಂದು ಬೆಳಿಗ್ಗೆ ತ್ಸುಕುಬಾದ ನಮ್ಮ ಮನೆ ಹತ್ತಿರದ ಸಿಗ್ನಲ್ಲಿನಲ್ಲಿ ಒಬ್ಬ ಮನುಷ್ಯ ಖಾಲಿ ರಸ್ತೆಗೆ ನಮಸ್ಕಾರ ಮಾಡುತ್ತ ನಿಂತಿದ್ದ. ಕಪ್ಪು ಸೂಟು, ಕೈಗೆ ಬಿಳಿ ಗವಸು, ಹೆಗಲಿನಿಂದ ಸೊಂಟಕ್ಕೆ ತನ್ನ ಹೆಸರು ಬರೆದ ಪಟ್ಟಿ. ಪಕ್ಕದಲ್ಲೊಂದು ಪುಟ್ಟ ಸ್ಪೀಕರು. ಬಿಸಿಲು ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಿಗಿಂತ ಕೆಟ್ಟದಾಗಿತ್ತು. ಆದರೂ ಒಂದು ಕಾರು ಹೋದರೆ ಸಾಕು, ನಡು ಬಗ್ಗಿಸಿದವನು ಕಾರು ಮರೆಯಾಗುವ ತನಕ ಏಳುತ್ತಿರಲಿಲ್ಲ. ಚುನಾವಣೆಗೆ ನಿಂತವನು ಎಂದು ಗೊತ್ತಾಯಿತು. ಆದರೆ ಹಾರವಿಲ್ಲ, ಜೈಕಾರವಿಲ್ಲ, ಹಿಂದೆ ಮುಂದೆ ಒಬ್ಬ ಹುಡುಗನೂ ಇಲ್ಲ. ನಮ್ಮಲ್ಲಿ ವಾರ್ಡಿನ ಕೌನ್ಸಿಲರ್ ಸ್ಥಾನಕ್ಕೆ ನಿಂತವನೂ ನಾಲ್ಕು ಆಟೊ ತುಂಬ ಜನ ಇಲ್ಲದೆ ಬೀದಿಗಿಳಿಯುವುದಿಲ್ಲ.

ನನಗೆ ಕನಿಕರ ಬಂತು. ಅವನೆದುರು ನಿಂತೆ. ಬೆಳಗಿನಿಂದ ಸಿಕ್ಕಿದ ಒಬ್ಬನೇ ಶ್ರೋತೃ ನಾನೇ ಇರಬೇಕು, ಅವನ ದನಿ ಏರಿತು. ಮಾತು ಮುಗಿಸಿ ನನಗಾಗಿಯೇ ಒಮ್ಮೆ ಬಗ್ಗಿದ. ನಾನೂ ಬಗ್ಗಿದೆ, ಚಪ್ಪಾಳೆ ತಟ್ಟಿದೆ. ಪ್ರಜಾಪ್ರಭುತ್ವ ಎಂದರೆ ಇಷ್ಟು ಶಾಂತವಾಗಿಯೂ ಇರಬಹುದಲ್ಲ ಎಂದು ಖುಷಿಪಟ್ಟು ಅವನ ಭಾಷಣವನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಮನೆಯಲ್ಲಿ ತೋರಿಸಿದೆ.

ಮಗಳು ಶಾಲಿನಿ ಸ್ವಲ್ಪ ಕೇಳಿ ಫೋನು ಕೆಳಗಿಟ್ಟಳು. "ಅಪ್ಪ, ಇದಕ್ಕೆ ಚಪ್ಪಾಳೆ ತಟ್ಟಿದ್ರಾ?"

"ಯಾಕಮ್ಮ? ಪಾಪ, ಒಬ್ಬನೇ ನಿಂತಿದ್ದ."

"ಹೊರದೇಶದವರು ಜಾಸ್ತಿ ಆಗೋಗಿದಾರೆ, ಕಡಿಮೆ ಮಾಡ್ಬೇಕು ಅಂತಿದಾನೆ. ಅಂದ್ರೆ ನಿಮ್ಮನ್ನ."

"ನನಗೇ ನಮಸ್ಕಾರ ಮಾಡಿ ನನ್ನನ್ನೇ ಕಳಿಸಬೇಕು ಅಂದನೇ!"

ಅಳಿಯ ಗಿರೀಶ ನಗು ತಡೆಯಲಾರದೆ ಹೇಳಿದರು: "ಮಾವ, ಇಲ್ಲಿ ಹಂಗೇ. ಮುಖದ ಮೇಲೆ ಬಾಗಿಲು ಹಾಕೋವಾಗ್ಲೂ ಮೊದಲು ಸುಮಿಮಾಸೆನ್ ಅಂತಾರೆ, ಆಮೇಲೆ ಹಾಕ್ತಾರೆ." ಸುಮಿಮಾಸೆನ್ ಎಂದರೆ ಕ್ಷಮಿಸಿ. ಈ ಊರಿನಲ್ಲಿ ನಾನು ಕಲಿತ ಮೊದಲ ಮಾತು ಅದೇ. ಅದನ್ನು ಸರಿಯಾದವರಿಗೆ ಸರಿಯಾದ ಹೊತ್ತಿನಲ್ಲಿ ಹೇಳಲಿಲ್ಲ ಎನ್ನುವುದೇ ನಾನು ಈಗ ಬರೆಯಲು ಹೊರಟಿರುವ ವಿಷಯ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಸೀನಿಯರ್ ಟೈಪಿಂಗ್. ಚಿತ್ರದುರ್ಗದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಸಾಲಾಗಿ ಇಟ್ಟ ಮೆಷಿನ್ನುಗಳು, ಬೆಳಗಿನಿಂದ ಸಂಜೆವರೆಗೆ ಟಕಟಕ ಸದ್ದು. ನನ್ನ ಇಂಗ್ಲಿಷ್ ಕಿವಿಯಿಂದ ಬಂದದ್ದಲ್ಲ, ಪುಸ್ತಕದಿಂದಲೂ ಅಲ್ಲ, ಬೆರಳಿನಿಂದ ಬಂದದ್ದು. ಸ್ಪೀಡು ಕಲಿಸಲು ಕೊಡುವ ಪಾಠಗಳಲ್ಲಿ ಅಮೆರಿಕದ ಹಳೆಯ ನಾಯಕರ ಮಾತುಗಳಿರುತ್ತಿದ್ದವು. ಸ್ವಾತಂತ್ರ್ಯ, ಸಮಾನತೆ, ಮನುಷ್ಯನ ಘನತೆ. ಅರ್ಥ ಆಗುವ ಮೊದಲೇ ಅವು ನನ್ನ ಬೆರಳಿಗೆ ಬಾಯಿಪಾಠವಾಗಿದ್ದವು. ಅರ್ಥ ಆದ ಮೇಲೆ ನಾನು ಆ ದೇಶದ ಭಕ್ತನಾದೆ. ಊರಿನಲ್ಲಿ ಯಾರಾದರೂ ಜಾತಿ ಮಾತೆತ್ತಿದರೆ ಅಮೆರಿಕ ನೋಡಿ ಎನ್ನುತ್ತಿದ್ದೆ, ಲಂಚದ ಮಾತು ಬಂದರೆ ಅಮೆರಿಕ ನೋಡಿ ಎನ್ನುತ್ತಿದ್ದೆ. ನನ್ನನ್ನು ನಾನೇ ಉದಾರವಾದಿ ಎಂದು ಕರೆದುಕೊಳ್ಳುತ್ತಿದ್ದೆ. ನಾನು ಆ ದೇಶವನ್ನು ಕಂಡವನಲ್ಲ.

ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಬಿಸಿಲಿನಿಂದ ವಿದ್ಯುತ್ತು ಮಾಡುವ, ಬಟ್ಟೆಯಂತೆ ಮಡಚಬಹುದಾದ ತೆಳು ಹಾಳೆಗಳ ಮೇಲೆ ಅವಳ ಸಂಶೋಧನೆ. ಅಳಿಯಂದಿರು ಟೋಕಿಯೋದ ಶಿನಾಗಾವಾದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಬೆಳಿಗ್ಗೆ ಕತ್ತಲಿರುವಾಗಲೇ ರೈಲು ಹಿಡಿಯುತ್ತಾರೆ. ತಂದೆ ತಾಯಿಯನ್ನು ಕರೆಸಿಟ್ಟುಕೊಳ್ಳಲು ಜಪಾನು ಸುಲಭಕ್ಕೆ ಬಿಡುವುದಿಲ್ಲ. ಶಾಲಿನಿಗೆ ಇರುವ ವಿಶೇಷ ವೀಸಾದಲ್ಲಿ ಮಾತ್ರ, ಮನೆಯಲ್ಲಿ ಏಳು ವರ್ಷದೊಳಗಿನ ಮಗುವಿದ್ದರೆ, ಅದನ್ನು ನೋಡಿಕೊಳ್ಳಲು ಅಜ್ಜ ಅಜ್ಜಿ ಬಂದಿರಬಹುದು. ಹಾಗಾಗಿ ಮೊಮ್ಮಗಳು ಇಂಚರಳ ವಯಸ್ಸಿನ ಮೇಲೆ ನನ್ನ ವಾಸ ನಿಂತಿದೆ. ಆ ಮಗು ಹುಟ್ಟುಹಬ್ಬಕ್ಕೆ ಕುಣಿದಾಗಲೆಲ್ಲ ನನ್ನ ಟಿಕೆಟು ಒಂದಿಷ್ಟು ಹರಿಯುತ್ತದೆ.

ತ್ಸುಕುಬಾ ವಿಜ್ಞಾನಿಗಳ ಊರು. ಅಗಲವಾದ ರಸ್ತೆ, ಮರದ ಸಾಲು, ಸೈಕಲ್ಲು. ಎಲ್ಲರೂ ಎಲ್ಲಿಗೋ ಹೋಗುತ್ತಿರುತ್ತಾರೆ, ಯಾರೂ ನಿಂತಿರುವುದಿಲ್ಲ. ದುರ್ಗದಲ್ಲಿ ನಾನು ಮನೆಯಿಂದ ಗಾಂಧಿ ಸರ್ಕಲ್ಲಿಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಕಾಫಿ, ಐದು ಕಡೆ ವಾದ ಆಗುತ್ತಿತ್ತು. ಇಲ್ಲಿ ಕೊಂಬಿನಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ಮೂಲೆಯಂಗಡಿಗೆ ಹೋದರೆ ಕ್ಯಾಷಿನ ಹುಡುಗಿ ನಗುತ್ತ ಒಂದು ಉದ್ದ ವಾಕ್ಯ ಹೇಳುತ್ತಾಳೆ. ನಾನು "ಅರಿಗಾತೋ" ಎಂದು ಧನ್ಯವಾದ ಹೇಳುತ್ತೇನೆ. ಮುಗಿಯಿತು. ಬಹಳ ದಿನ ನನ್ನ ಹೊರಗಿನ ಮಾತು ಇಷ್ಟೇ ಆಗಿತ್ತು. ಗೆಲುವುಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಮೀನಿನ ಪುಡಿ ಹಾಕದ ಅನ್ನದ ಉಂಡೆ ಯಾವುದೆಂದು ಹೊದಿಕೆಯ ಬಣ್ಣದಿಂದ ಗುರುತಿಸಲು ಕಲಿತೆ. ಇಂಚರಳನ್ನು ಬಾಲವಾಡಿಯಿಂದ ಒಬ್ಬನೇ ಕರೆದುಕೊಂಡು ಬಂದೆ. ಅವಳು ದಾರಿಯುದ್ದಕ್ಕೂ ಜಪಾನಿಯಲ್ಲಿ ಮಾತಾಡುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಅಡ್ಡಿಯಿಲ್ಲ. ಸಾರಿಗೆ ಬೇಳೆ ಸಿಗುತ್ತದೆ. ವಾದಕ್ಕೆ ಜನ ಸಿಗುವುದಿಲ್ಲ.

ಹಾಗಾಗಿ ನಾನು ಅಮೆರಿಕಕ್ಕೆ ಹೋದೆ. ಫೋನಿನಲ್ಲಿ. ಅಲ್ಲಿನ ಚಾನೆಲ್ಲುಗಳನ್ನು ಬೆಳಗಿನಿಂದ ನೋಡುತ್ತಿದ್ದೆ. ಅಧ್ಯಕ್ಷನ ಬೆಂಬಲಿಗರಾದ ಕೆಂಪು ಟೋಪಿಯವರ ಸಭೆ, ನ್ಯಾಯಾಲಯದ ತೀರ್ಪು, ಕೈಗೆ ಕೋಳ ಹಾಕಿ ನಮ್ಮ ದೇಶದ ಹುಡುಗರನ್ನು ವಿಮಾನದಲ್ಲಿ ತಿರುಗಿ ಕಳಿಸಿದ ಸುದ್ದಿ. ಊಟದ ಹೊತ್ತಿಗೆ ಎಲ್ಲವನ್ನೂ ಮಗಳು ಅಳಿಯನ ಮುಂದೆ ಬಡಿಸುತ್ತಿದ್ದೆ.

"ಇದು ತಾತ್ಕಾಲಿಕ," ಎನ್ನುತ್ತಿದ್ದೆ. "ಆ ದೇಶಕ್ಕೆ ತನ್ನನ್ನು ತಾನು ತಿದ್ದಿಕೊಳ್ಳುವ ಗುಣ ಇದೆ. ನಾಲ್ಕು ವರ್ಷ ತಡೆಯಿರಿ."

"ನಾವು ತಡೀತೀವಿ ಮಾವ, ಆದ್ರೆ ಹುಳಿ ಆರೋಗ್ತಿದೆ," ಎನ್ನುತ್ತಿದ್ದರು ಗಿರೀಶ.

ಸುಂಕದ ಸುದ್ದಿ ಬಂದಾಗ ನಾನು ಕೆರಳಿದ್ದೆ. ಜಪಾನಿನ ಕಾರಿಗೆ ಸುಂಕ, ನಮ್ಮ ದೇಶದ ಬಟ್ಟೆಗೆ ಸುಂಕ. ಹೊರಗಿನ ಸರಕಿಗೆ ಗೋಡೆ ಕಟ್ಟಿದರೆ ಮುಚ್ಚಿದ ಕಾರ್ಖಾನೆ ತೆರೆಯುತ್ತದೆಂದು ನಂಬಿ ವೋಟು ಹಾಕಿದವರನ್ನು ದಡ್ಡರು ಎನ್ನುತ್ತಿದ್ದೆ. ಅದೇ ದಿನಗಳಲ್ಲಿ ಇಲ್ಲಿ ಅಕ್ಕಿಯ ಬೆಲೆ ಏರಿ ಎಲ್ಲರೂ ಅದೇ ಮಾತಾಡುತ್ತಿದ್ದರು, ಅಂದರೆ ಇಲ್ಲಿಯವರು ಎಷ್ಟು ಮಾತಾಡುತ್ತಾರೋ ಅಷ್ಟು. ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಅಮೆರಿಕದ ಅಕ್ಕಿಯ ಚೀಲ ಕಾಣಿಸಿಕೊಂಡಿತು. ಒಬ್ಬ ಅಜ್ಜಿ ಅದನ್ನು ಎತ್ತಿ ನೋಡಿ, ಮತ್ತೆ ಇದ್ದಲ್ಲೇ ಇಟ್ಟು, ಚೀಲವನ್ನು ಸಮಾಧಾನಪಡಿಸುವಂತೆ ಒಮ್ಮೆ ತಟ್ಟಿ, ಬೆಲೆ ಹೆಚ್ಚಿದ್ದರೂ ತಮ್ಮ ದೇಶದ ಚೀಲವನ್ನೇ ಕೊಂಡು ಹೋದರು. ನಾನು ಅಮೆರಿಕದ್ದನ್ನು ತಂದೆ. ಮುಕ್ತ ವ್ಯಾಪಾರ ಎಂದು ಮಗಳಿಗೆ ಹೇಳಿದೆ. ಅನ್ನ ಚೆನ್ನಾಗಿಯೇ ಆಯಿತು.

ಆ ಅಜ್ಜಿಯನ್ನು ಆಮೇಲೆ ನೆನೆದಾಗ ನನ್ನದೇ ಒಂದು ಕಥೆ ನೆನಪಾಯಿತು. ಕಂಪ್ಯೂಟರು ಬಂದು ನಮ್ಮ ಟೈಪಿಂಗ್ ಶಾಲೆಗಳು ಬಿಕೋ ಎನ್ನತೊಡಗಿದಾಗ ನಾವು ಮಾಲೀಕರೆಲ್ಲ ಸೇರಿ ಬೆಂಗಳೂರಿಗೆ ಹೋಗಿ ಮೆರವಣಿಗೆ ಮಾಡಿದ್ದೆವು. ಗುಮಾಸ್ತೆ ಕೆಲಸಕ್ಕೆ ಹಳೆಯ ಮೆಷಿನ್ನಿನ ಪರೀಕ್ಷೆ ಕಡ್ಡಾಯವಾಗಿಯೇ ಇರಲಿ ಎಂಬುದು ನಮ್ಮ ಬೇಡಿಕೆ. ಯಾರಿಗೂ ಬೇಡದ ವಿದ್ಯೆಯನ್ನು ಕಾನೂನಿನ ಬಲದಿಂದ ಮಕ್ಕಳ ತಲೆಗೆ ಕಟ್ಟಿ ಎಂದು ಕೇಳಲು ಹೋಗಿದ್ದೆ. ಅಂದರೆ ನಾನೂ ಸುಂಕ ಕೇಳಿದವನೇ. ಸುಂಕಕ್ಕೆ ವೋಟು ಹಾಕಿದ ಯಾವುದೋ ಕೆಂಪು ಟೋಪಿಯ ಮುದುಕನೂ ನಾನೂ ಒಂದೇ ಮೆರವಣಿಗೆಯವರು. ಇದು ಹೊಳೆದ ಮೇಲೆಯೂ ನಾನು ಊಟದ ಹೊತ್ತಿನ ಭಾಷಣ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಶಾಲಿನಿಯ ಕೆಲಸ ಕರಾರಿನದು. ಆಗ ಅವಳು ಒಂದು ಅಮೆರಿಕನ್ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿದ್ದಳು, ಅಲ್ಲಿಂದ ಬಾಯಿಮಾತಿನ ಒಪ್ಪಿಗೆಯೂ ಬಂದಿತ್ತು. ಆ ಶರತ್ಕಾಲದ ಒಂದು ಶನಿವಾರ ಅವಳ ಪ್ರಯೋಗಾಲಯದ ಮುಖ್ಯಸ್ಥರು ನಮ್ಮ ಮನೆಗೆ ಬಂದರು. ಒಕುನೋ ಸೆನ್ಸೇ. ಸೆನ್ಸೇ ಎಂದರೆ ಗುರುಗಳು. ಇಲ್ಲಿ ಪ್ರೊಫೆಸರುಗಳು ಯಾರ ಮನೆಗೂ ಸುಮ್ಮನೆ ಬರುವುದಿಲ್ಲ. ದೋಸೆ ತಿನ್ನುವ ಆಸೆ ಎಂದು ಅವರೇ ಹೇಳಿಕೊಂಡು ಬಂದಾಗ ನಾನು ಅದನ್ನು ದೋಸೆಯ ಮಹಿಮೆ ಎಂದು ತಿಳಿದೆ. ತಿಂಡಿ ಮುಗಿದು ಕಾಫಿ ಕುಡಿಯುತ್ತಿದ್ದಾಗ ಈಜು ತರಗತಿಯಿಂದ ಫೋನು ಬಂತು. ಇಂಚರ ಜಾರಿ ಬಿದ್ದು ಗಲ್ಲ ಒಡೆದುಕೊಂಡಿದ್ದಳು. ಗಿರೀಶ ಆಫೀಸಿನಲ್ಲಿದ್ದರು. ಶಾಲಿನಿ ಹತ್ತು ಸಲ ಕ್ಷಮೆ ಕೇಳಿ ಸೈಕಲ್ಲು ಹತ್ತಿ ಹೋದಳು. ಉಳಿದವರು ಇಬ್ಬರು ಮುದುಕರು.

ಸೆನ್ಸೇ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು, "ತಂದೆಯವರಿಗೆ ತ್ಸುಕುಬಾ ಹಿಡಿಸಿದೆಯೇ?"

"ಬಹಳ ಒಳ್ಳೆಯ ಊರು," ಎಂದೆ.

"ಮುಂದೆ ಬಹಳ ವರ್ಷ... ಕುಟುಂಬ ಇಲ್ಲೇ ಇರುವುದಾದರೆ... ತಂದೆಯವರಿಗೆ ಹೇಗೆ ಅನ್ನಿಸೀತು?"

ಆ ಮಾತನ್ನು ಇಂದು ಎಷ್ಟು ಸಲ ಮೆಲುಕು ಹಾಕುತ್ತೇನೆಂದು ನನಗೇ ಗೊತ್ತು. ಅಂದು ನನಗೆ ಕಂಡದ್ದು ಒಂದೇ: ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನ ಮುಂದೆ ಒಬ್ಬ ವಿದ್ಯಾವಂತ ಕುಳಿತು ನನ್ನ ಅಭಿಪ್ರಾಯ ಕೇಳುತ್ತಿದ್ದಾನೆ. ನಾನು ಗಂಟಲು ಸರಿಮಾಡಿಕೊಂಡೆ. ಶಾಲಿನಿ ಅಮೆರಿಕಕ್ಕೆ ಹೋಗುವವಳು ಎಂದೆ. ಈಗಿನ ಆಡಳಿತ ಒಂದು ಜ್ವರ, ಇಳಿಯುತ್ತದೆ ಎಂದೆ. ಜ್ಞಾನಕ್ಕೆ ಮರ್ಯಾದೆ ಇರುವುದು ಅಲ್ಲಿ. ಅಲ್ಲಿನ ಸಂವಿಧಾನ, ಅಲ್ಲಿನ ಪತ್ರಿಕೆ, ಅಲ್ಲಿನ ವಿಶ್ವವಿದ್ಯಾಲಯ. ನಮ್ಮ ದುರ್ಗದವರು ಮುಖ್ಯ ಲೈನಿನ ರೈಲಿಗೆ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಕಾಯುತ್ತೇವೆ. ತ್ಸುಕುಬಾ ನನ್ನ ಮಗಳಿಗೆ ಅಂಥ ಜಂಕ್ಷನ್ನು, ಟೀ ಚೆನ್ನಾಗಿದೆ, ಆದರೆ ಊರು ಇದಲ್ಲ ಎಂದೆ. ಉಪಮೆ ನನಗೇ ಹಿಡಿಸಿತು. ಸೆನ್ಸೇ ಪ್ರತಿ ಮಾತಿಗೂ ತಲೆಯಾಡಿಸಿ "ನಾರುಹೊದೊ" ಎನ್ನುತ್ತಿದ್ದರು. ಹೌದೇ, ತಿಳಿಯಿತು ಎಂದು ಅದರ ಅರ್ಥ. ನಾನು ಅದನ್ನು ಶಹಬ್ಬಾಸ್ ಎಂದು ತೆಗೆದುಕೊಂಡೆ. ಮಗಳು ಬರುವ ಮೊದಲೇ ಅವರು ಎದ್ದರು. ಬಾಗಿಲಲ್ಲಿ ತುಂಬ ಹೊತ್ತು ಬಗ್ಗಿ ನಮಸ್ಕರಿಸಿದರು.

"ಏನ್ ಮಾತಾಡಿದ್ರಿ ಅಪ್ಪ ಸೆನ್ಸೇ ಹತ್ರ?" ಎಂದು ಮಗಳು ಕೇಳಿದ್ದಕ್ಕೆ "ಹೀಗೇ, ಲೋಕಾಭಿರಾಮ" ಎಂದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲಿಲ್ಲ.

ವರ್ಷ ಮುಗಿಯುವ ಮುಂಚೆ ಎರಡು ಸಂಗತಿ ನಡೆದವು. ಅಮೆರಿಕದ ಆ ಪ್ರಯೋಗಾಲಯಕ್ಕೆ ಬರಬೇಕಿದ್ದ ಸರ್ಕಾರದ ಹಣ ನಿಂತುಹೋಯಿತು; ಬಿಸಿಲಿನ ವಿದ್ಯುತ್ತು ಅಲ್ಲಿನ ಹೊಸ ದೊರೆಗಳಿಗೆ ಬೇಡವಂತೆ. ಒಪ್ಪಿಗೆ ಹಿಂದಕ್ಕೆ ಹೋಯಿತು. ಆಮೇಲೆ, ತ್ಸುಕುಬಾದ ಇವಳ ಪ್ರಯೋಗಾಲಯದಲ್ಲೇ ಒಂದು ಕಾಯಂ ಹುದ್ದೆ ಇತ್ತೆಂದೂ ಅದಕ್ಕೆ ಬೇರೆಯೊಬ್ಬರನ್ನು ತೆಗೆದುಕೊಂಡರೆಂದೂ ತಿಳಿಯಿತು. ಇವಳ ಕರಾರನ್ನು ಒಂದು ವರ್ಷ ಮುಂದುವರಿಸಿದರು, ಅದು ಕೊನೆಯದು ಎಂದರು. ಅದು ಮುಗಿದರೆ ಎಲ್ಲರೂ ಬೆಂಗಳೂರಿಗೆ. ಅಲ್ಲಿ ಗಿರೀಶರಿಗೆ ಕೆಲಸವುಂಟು, ಇವಳ ವಿದ್ಯೆಗೆ ಬೇಕಾದ ಯಂತ್ರಗಳಿರುವ ಜಾಗವಿಲ್ಲ.

ನಾನು ಆ ಚಳಿಗಾಲವಿಡೀ ಅಮೆರಿಕವನ್ನು ಬೈದೆ. ಬೈಯಲು ಅದೊಂದು ಸಿಕ್ಕಿದ್ದು ಅನುಕೂಲವೇ ಆಗಿತ್ತು.

ಯುಗಾದಿಗೆ ಟೋಕಿಯೋದ ಕೋಟೋದಲ್ಲಿ ಕನ್ನಡದವರೆಲ್ಲ ಸೇರಿದ್ದರು. ಮುಗಿಲೆತ್ತರದ ಹೊಸ ಮನೆಗಳ ಪ್ರದೇಶ ಅದು. ಬೆಂಗಳೂರು ಮೈಸೂರಿನ ಎಷ್ಟೋ ಸಂಸಾರಗಳು ಅಲ್ಲಿವೆ. ಬಾಡಿಗೆ ಹಾಲಿನಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತು ಹೋಳಿಗೆ ತಿನ್ನುತ್ತಿದ್ದೆವು. ನನ್ನ ಪಕ್ಕ ಪ್ರವೀಣ ಎಂಬ ಬಸವನಗುಡಿಯ ಹುಡುಗ, ಇಲ್ಲಿನ ಆಫೀಸುಗಳಲ್ಲಿ ಪಳಗಿದವನು. ಬಾಯಿ ಚುರುಕು.

"ನಮ್ಮ ಆಫೀಸಲ್ಲಿ ಮೀಟಿಂಗ್ ಅಂದ್ರೆ ಏನ್ ಗೊತ್ತಾ ಅಂಕಲ್? ಮದುವೆ ಮುಹೂರ್ತ ಇದ್ದಂಗೆ. ಅಲ್ಲಿ ಯಾರೂ ಏನೂ ಡಿಸೈಡ್ ಮಾಡಲ್ಲ. ಹೆಣ್ಣು ನೋಡೋದು, ಒಪ್ಪಿಗೆ ಕೇಳೋದು, ಮುನಿಸು ಎಲ್ಲಾ ಮುಂಚೆನೇ ಮುಗಿದಿರುತ್ತೆ. ನೆಮವಾಶಿ ಅಂತಾರೆ. ಮರ ಕಿತ್ತು ಬೇರೆ ಕಡೆ ನೆಡೋ ಮುಂಚೆ ಸುತ್ತ ಮಣ್ಣು ಬಿಡಿಸ್ತಾರಲ್ಲ, ಹಂಗೆ. ಒಬ್ಬೊಬ್ರನ್ನೇ ಸಿಕ್ಕಿ, ಕಾಫಿ ಕುಡಿಸಿ, ಸುಮ್ನೆ ಕೇಳ್ದಂಗೆ ಕೇಳ್ತಾರೆ. 'ಹೀಗಾದ್ರೆ ಹೇಗನ್ನಿಸುತ್ತೆ' ಅಂತ. ಅದೇ ಎಕ್ಸಾಮು!"

"ಕೆಲಸಕ್ಕೆ ತಗೊಳ್ಳೋದಕ್ಕೂ ಹೀಗೆಯೇ?" ಎಂದು ಕೇಳಿದೆ.

"ಅದಕ್ಕಂತೂ ಹೀಗೇನೇ. ಕೇಳಿ ಇಲ್ಲ ಅನ್ನಿಸ್ಕೊಂಡ್ರೆ ಅವರಿಗೂ ಅವಮಾನ, ನಿಮಗೂ ಅವಮಾನ. ಅದಕ್ಕೆ ಬಾಯ್ಬಿಟ್ಟು ಕೇಳೋದೇ ಇಲ್ಲ. ಕೆಲವರು ಮನೆಯವರ ಮನಸ್ಸೂ ನೋಡ್ತಾರೆ, ಇವರು ಇಲ್ಲಿ ಊರ್ಕೋತಾರಾ, ಬಿಟ್ಟು ಹೋಗ್ತಾರಾ ಅಂತ. ಯಾಕಂಕಲ್, ಹೋಳಿಗೆ ಸರಿ ಹೋಗ್ಲಿಲ್ವಾ?"

ಸೆನ್ಸೇ ದೋಸೆಗೆ ಬಂದಿರಲಿಲ್ಲ. ಹೆಣ್ಣು ಕೇಳಲು ಬಂದವರಿಗೆ ನಾನು, ಹೆಣ್ಣಿನ ಅಪ್ಪ, ಹೆಣ್ಣನ್ನು ಕೇಳದೆ, ನಮ್ಮ ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿದೆ, ನಿಮ್ಮದು ಬರೀ ಜಂಕ್ಷನ್ನು ಎಂದು ಹೇಳಿ ಕಳಿಸಿದ್ದೆ.

ಅಂದಿನಿಂದ ಈ ಮನೆ ನನಗೆ ಬೋನಾಯಿತು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಎಲ್ಲಿ ಕುಳಿತರೂ ಸೆನ್ಸೇ ಕುಳಿತ ಕುರ್ಚಿ ಕಾಣುತ್ತದೆ. ಊರಿಗೆ ಓಡಿಬಿಡೋಣವೆಂದರೆ ಇಂಚರಳನ್ನು ಯಾರು ನೋಡಬೇಕು? ಅವಳಿಗೆ ಆರು ತುಂಬಿತ್ತು, ಒಮ್ಮೆ ಬಿಟ್ಟುಹೋದರೆ ಮತ್ತೆ ನನಗೆ ವೀಸಾ ಸಿಗುವುದು ಅನುಮಾನ. ಹೇಳಿಬಿಡೋಣವೆಂದರೆ ನಾಲಗೆ ಏಳದು. ಅಷ್ಟು ದೊಡ್ಡ ದೇಶದ ತಪ್ಪುಗಳನ್ನು ದಿನವೂ ಎಣಿಸಿ ಹೇಳುತ್ತಿದ್ದ ನಾಲಗೆ.

ಜೂನಿನಲ್ಲಿ ಇಲ್ಲಿ ಮಳೆ ಹಿಡಿಯುತ್ತದೆ. ಒಂದು ಭಾನುವಾರ ಮಧ್ಯಾಹ್ನ ಮನೆಯೊಳಗೇ ಒಣಗಿದ ಬಟ್ಟೆಗಳನ್ನು ಮಡಚುತ್ತ ಶಾಲಿನಿ ತನ್ನಷ್ಟಕ್ಕೆ ಮಾತಾಡಿದಳು.

"ನಂದೇ ಏನೋ ತಪ್ಪಾಗಿರ್ಬೇಕು ಅಪ್ಪ. ಆ ಪೋಸ್ಟಿನ ಬಗ್ಗೆ ಸೆನ್ಸೇ ನನ್ನನ್ನ ಒಂದ್ ಮಾತೂ ಕೇಳ್ಲಿಲ್ಲ. ನನ್ನ ಜಾಪನೀಸ್ ಸಾಲ್ದು ಅನ್ನಿಸ್ತೋ, ಹೆಂಗಸು, ಮಗು ಇದೆ ಅನ್ನಿಸ್ತೋ. ಅವತ್ತು ಮನೆಗೆ ಕರೆದು ಅರ್ಧಕ್ಕೇ ಬಿಟ್ಟು ಹೋದ್ನಲ್ಲ, ಅದು ಅಗೌರವ ಆಯ್ತೋ ಏನೋ."

ಅವಳು ಆ ಚಳಿಗಾಲದಿಂದ ವಾರಕ್ಕೆರಡು ಸಂಜೆ ಜಪಾನಿ ಕಲಿಯಲು ಹೋಗುತ್ತಿದ್ದದ್ದು ಇದಕ್ಕಾಗಿ ಎಂದು ಆಗ ನನಗೆ ತಿಳಿಯಿತು. ಇಲ್ಲದ ತನ್ನ ಕೊರತೆಯನ್ನು ತಿದ್ದಿಕೊಳ್ಳಲು.

ನಾನು ಹೇಳಿದೆ. ಚಿಕ್ಕಜಾಜೂರಿನವರೆಗೆ ಎಲ್ಲವನ್ನೂ ಹೇಳಿದೆ.

ಅವಳ ಕೈಯಲ್ಲಿ ಇಂಚರಳ ಒಂದು ಅಂಗಿ ಇತ್ತು. ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ನೀನೇ ಅರ್ಜಿ ಹಾಕಿದ್ದೆಯಲ್ಲಮ್ಮ ಅಮೆರಿಕಕ್ಕೆ..."

"ನಾನು ಹೋಗ್ಬೇಕು ಅಂತ ಯಾವತ್ತು ಅಂದಿದ್ದೆ ಅಪ್ಪ? ಅಪ್ಲೈ ಮಾಡಿದ್ದು ನಿಮಗೋಸ್ಕರ. ದಿನಾ ಊಟಕ್ಕೆ ಕೂತ್ರೆ ಅದೇ. ಒಂದ್ಸಲ ಹಾಕಿ ತೋರಿಸಿದ್ರೆ ಖುಷಿಯಾಗ್ತೀರಿ, ಆಮೇಲೆ ಬೇಡ ಅಂದ್ರಾಯ್ತು ಅಂದ್ಕೊಂಡಿದ್ದೆ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಾನು ಇಲ್ಲೇ ಇರ್ಬೇಕು ಅಂತಿದ್ದೆ. ಇವರಿಗೆ ಗೊತ್ತು. ನಿಮಗೆ ಹೇಳೋಕೆ ಜಾಗ ಎಲ್ಲಿತ್ತು? ನೀವು ಮಾತು ನಿಲ್ಲಿಸಿದ್ರೆ ತಾನೆ?"

ಸ್ವಾತಂತ್ರ್ಯ ಎಂಬ ಪದವನ್ನು ಮಕ್ಕಳ ಬೆರಳಿಗೆ ಕಲಿಸಿದವನು ನಾನು. ನನ್ನ ಮನೆಯ ಊಟದ ಮೇಜಿನಲ್ಲಿ ಅದಕ್ಕೆ ಒಂದು ಕುರ್ಚಿ ಇಟ್ಟಿರಲಿಲ್ಲ. ಎಲ್ಲೋ ಒಬ್ಬ ಅಧ್ಯಕ್ಷ ಯಾರ ಮಾತೂ ಕೇಳುವುದಿಲ್ಲ, ತನ್ನ ಕನಸನ್ನೇ ದೇಶದ ಕನಸು ಎನ್ನುತ್ತಾನೆ ಎಂದು ನಾನು ದಿನವೂ ದೂರುತ್ತಿದ್ದೆ.

ಸೆನ್ಸೇ ಬಳಿ ಹೋಗಿ ನಾನೇ ಕ್ಷಮೆ ಕೇಳುತ್ತೇನೆ ಎಂದೆ. ಇಲ್ಲಿ ಅದಕ್ಕೊಂದು ಕ್ರಮವಿದೆ. ಒಳ್ಳೆಯ ಅಂಗಡಿಯ ಸಿಹಿಯ ಪೆಟ್ಟಿಗೆ ಹಿಡಿದು ಹೋಗಿ ಬಗ್ಗಿ ನಿಲ್ಲಬೇಕು.

"ಬೇಡ," ಎಂದಳು. "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಕೆಲಸದ ಜಾಗಕ್ಕೆ ಬರ್ಬೇಡಿ ಅಪ್ಪ. ಏನೂ ಮಾಡ್ಬೇಡಿ. ನಾನು ಮಾತಾಡ್ತೀನಿ."

ಏನೂ ಮಾಡದೆ ಇರುವುದು ಎಂಥ ಶಿಕ್ಷೆ ಎಂದು ನನ್ನ ವಯಸ್ಸಿನವರಿಗೆ ಹೇಳಬೇಕಿಲ್ಲ. ಅವಳು ಮಾತು ಬಿಡಲಿಲ್ಲ. ಬದಲಿಗೆ ಬಹಳ ಮರ್ಯಾದೆಯಿಂದ ಮಾತಾಡಿಸತೊಡಗಿದಳು. ಕಾಫಿ ಕೊಡಲೇ ಅಪ್ಪ, ಮಾತ್ರೆ ಆಯಿತೇ ಅಪ್ಪ. ಜಗಳವಿಲ್ಲ, ಗೊಣಗಿಲ್ಲ, "ಸಾಕು ಸುಮ್ನಿರಿ" ಇಲ್ಲ. ಅಲ್ಲಿಯವರೆಗೆ ಜಪಾನು ನಮ್ಮ ಮನೆಯ ಬಾಗಿಲಿನಾಚೆ ಇತ್ತು. ಈಗ ಒಳಗೆ ಬಂತು. ಗಿರೀಶ ಒಂದು ದಿನ ನನ್ನ ಪಕ್ಕ ಕುಳಿತು ಮೆಲ್ಲಗೆ, "ಏನಾದ್ರೂ ಅಮೆರಿಕ ಸುದ್ದಿ ಹೇಳಿ ಮಾವ, ಮನೆ ಮಸಣ ಆಗಿದೆ," ಎಂದರು. ನನ್ನ ಬಳಿ ಸುದ್ದಿ ಇರಲಿಲ್ಲ. ಫೋನು ತೆಗೆದಿರಲಿಲ್ಲ.

ಅವಳು ಸೆನ್ಸೇಯನ್ನು ಕಂಡು ತಾನು ಇಲ್ಲೇ ಇರಬಯಸುತ್ತೇನೆಂದು ತನ್ನ ಬಾಯಿಂದ ಹೇಳಿದಳು. ಅವರು ಎಂದಿನಂತೆ "ನಾರುಹೊದೊ" ಎಂದರಂತೆ. ಹುದ್ದೆ ತುಂಬಿಯಾಗಿತ್ತು. ಬೇಸಿಗೆ ಕಳೆಯಿತು. ಶರತ್ಕಾಲ ಮತ್ತೆ ಬಂತು. ಒಂದು ಸಂಜೆ ಶಾಲಿನಿ ಅಡುಗೆಮನೆಯಿಂದ, ಇತ್ತ ತಿರುಗದೆ, ಹೇಳಿದಳು: "ಶನಿವಾರ ಸೆನ್ಸೇ ದೋಸೆಗೆ ಬರ್ತಾರಂತೆ."

ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿಕೊಟ್ಟಿದ್ದೆ; ಶನಿವಾರ ಅವರು ಬರುವ ಹೊತ್ತಿಗೆ ಇಂಚರಳನ್ನು ಕರೆದುಕೊಂಡು ಕೆಳಗಿನ ಪಾರ್ಕಿಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಬೆಂಚಿನಲ್ಲಿ ಕುಳಿತೆ. ಮಗು ಓಕ್ ಮರದ ಕಾಯಿಗಳನ್ನು ಆರಿಸಿ ನನ್ನ ಕೋಟಿನ ಜೇಬಿಗೆ ತುಂಬುತ್ತಿತ್ತು. ಮೇಲೆ ನಮ್ಮ ಕಿಟಕಿ. ಅಲ್ಲಿ ಏನು ನಡೆಯುತ್ತಿದೆಯೋ ಗೊತ್ತಿಲ್ಲ.

ತಪ್ಪೊಪ್ಪಿಕೊಳ್ಳಲು ಕುಳಿತವನು ಇದನ್ನೂ ಹೇಳಿಬಿಡಬೇಕು. ದೇವರೇ, ಈ ಸಲ ಅವಳಿಗೆ ಆಗಲಿ ಎಂದು ಬೇಡಿಕೊಂಡೆ, ಸುಳ್ಳಲ್ಲ. ಆದರೆ ಅದೇ ಎದೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಅವಳ ಕೆಲಸ ಆದರೆ ಇವರು ಇಲ್ಲೇ ಬೇರು ಬಿಡುತ್ತಾರೆ. ಮಗುವಿಗೆ ಏಳು ತುಂಬುತ್ತದೆ. ನನ್ನ ದಾರಿ ದುರ್ಗಕ್ಕೆ, ಒಬ್ಬನಿಗೇ. ಆಗದಿದ್ದರೆ ಎಲ್ಲರೂ ಬೆಂಗಳೂರಿಗೆ ಬರುತ್ತಾರೆ, ಈ ಮಗು ನನ್ನ ಕಣ್ಣೆದುರು ಕನ್ನಡದಲ್ಲಿ ಜಗಳವಾಡುತ್ತ ಬೆಳೆಯುತ್ತದೆ. ಹೋದ ವರ್ಷ ಸೆನ್ಸೇ ಮುಂದೆ ನಾನು ಆಡಿದ ಮಾತಿನ ಹಿಂದೆ ಅಮೆರಿಕದ ಮೋಹ ಮಾತ್ರವೇ ಇತ್ತೇ? ಜಪಾನು ಬೇಡ ಎನ್ನಲು ಅಮೆರಿಕ ಒಂದು ನೆಪವಾಗಿತ್ತೇ? ನನಗೆ ಈಗ ಖಾತ್ರಿಯಿಲ್ಲ.

"ತಾತ, ಸಮುಯಿ," ಎಂದಿತು ಮಗು. ಚಳಿ ಎಂದು. ನನ್ನ ಮಫ್ಲರು ಸುತ್ತಿದೆ.

ಸ್ವಲ್ಪ ಹೊತ್ತಿಗೆ ಸೆನ್ಸೇ ಇಳಿದು ಬಂದರು. ನನ್ನನ್ನು ಕಂಡು ಬೆಂಚಿನವರೆಗೂ ಬಂದು ಬಗ್ಗಿದರು. "ಒತೋಸಾನ್," ಎಂದರು, ತಂದೆಯವರೇ ಎಂದು. ಆಮೇಲೆ ಆ ನಿಧಾನ ಇಂಗ್ಲಿಷಿನಲ್ಲಿ, "ಈ ಸಲ ನಿಮ್ಮ ಅಮೆರಿಕದ ವಿಚಾರ ಕೇಳಲಾಗಲಿಲ್ಲ."

"ನನಗೆ ಗೊತ್ತಿಲ್ಲ ಸೆನ್ಸೇ," ಎಂದೆ. "ನಾನು ಅಲ್ಲಿಗೆ ಹೋಗಿಯೇ ಇಲ್ಲ."

ಅವರು ನನ್ನನ್ನೇ ನೋಡಿದರು. ಮುಖದಲ್ಲಿ ನಗು ಬಂತು, ಬಾಯಿಗೆ ಕೈ ಅಡ್ಡ ಹಿಡಿದರು. "ನಾನು ಅಲ್ಲಿ ಇದ್ದೆ," ಎಂದರು. "ಬಹಳ ವರ್ಷ. ನನ್ನ ಮಗಳು ಹುಟ್ಟಿದ್ದು ಅಲ್ಲೇ."

ಇಷ್ಟು ಹೇಳಿ ಸೈಕಲ್ಲಿನ ಬೀಗ ತೆಗೆದು ಹೊರಟರು. ಆ ದೇಶದಲ್ಲಿ ಬಾಳಿ ಬಂದವರು ನನ್ನ ಉಪನ್ಯಾಸವನ್ನು ಕೊನೆಯವರೆಗೆ ಕೇಳಿ, ಒಂದು ಮಾತೂ ಎದುರಾಡದೆ, ತಿಳಿಯಿತು ತಿಳಿಯಿತು ಎಂದಿದ್ದರು.

ಮೇಲೆ ಹೋದಾಗ ಶಾಲಿನಿ ಬಾಗಿಲಲ್ಲೇ ನಿಂತಿದ್ದಳು. ನಾನು ಮಗುವಿನ ಕುತ್ತಿಗೆಯ ಮಫ್ಲರು ಬಿಚ್ಚತೊಡಗಿದೆ.

"ಕೇಳಲ್ವಾ ಅಪ್ಪ?"

"ಇಲ್ಲಮ್ಮ."

"ಗ್ಯಾರಂಟಿ ಏನಿಲ್ಲ. ಬೇರೆ ವಿಭಾಗದಲ್ಲಿ ಒಂದು ಪೋಸ್ಟ್ ಬರಬಹುದು ಅಂದ್ರು. ಮುಂದೆ ಬಹಳ ವರ್ಷ ಇಲ್ಲೇ ಇರೋದಾದ್ರೆ ಹೇಗೆ ಅಂತ ಕೇಳಿದ್ರು." ಅವಳ ಕಣ್ಣು ಹೊಳೆಯುತ್ತಿತ್ತು. "ನನ್ನನ್ನೇ ಕೇಳಿದ್ರು. ನಾನೇ ಹೇಳಿದೆ. ಇರ್ತೀವಿ ಅಂದೆ."

"ಒಳ್ಳೆಯದಾಯಿತು," ಎಂದೆ.

"ನಿಜವಾಗ್ಲೂ ಅಂತೀರಾ, ಅಥವಾ ಮರ್ಯಾದೆಗಾ?" ತಿಂಗಳುಗಳ ನಂತರ ಅವಳ ಮಾತಿನಲ್ಲಿ ಹಳೆಯ ಕೊಂಕು ಬಂದಿತ್ತು. ಎರಡೂ ಎಂದು ಹೇಳಲಾಗಲಿಲ್ಲ.

ಇಂಚರ ಇಬ್ಬರ ಮುಖವನ್ನೂ ನೋಡಿ ತನ್ನ ಮೂರು ಭಾಷೆಗಳನ್ನು ಒಟ್ಟುಗೂಡಿಸಿ ಕೇಳಿದಳು, "ತಾತ ಆಲ್ಸೋ? ತಾತನೂ ಇಲ್ಲೇ, ಝುತ್ತೋ?" ಝುತ್ತೋ ಎಂದರೆ ಯಾವಾಗಲೂ.

ಶಾಲಿನಿ ಕಾವಲಿ ಒಲೆಯ ಮೇಲಿದೆ ಎಂದು ಒಳಗೆ ಹೋದಳು. ಇಲ್ಲಿಯವರು ಮನೆಯೊಳಗೆ ಬಂದ ಕೂಡಲೇ ಬಿಚ್ಚಿದ ಶೂಗಳನ್ನು ತಿರುಗಿಸಿ ಬಾಗಿಲ ಕಡೆಗೆ ಮುಖ ಮಾಡಿ ಇಡುತ್ತಾರೆ. ಹೊರಡುವಾಗ ಕಾಲು ತೂರಿಸಲು ಸುಲಭವಾಗಲೆಂದು. ನಾನು ಮೊಣಕಾಲೂರಿ ಮಗುವಿನ ಶೂ ಬಿಚ್ಚಿ ಹಾಗೆ ತಿರುಗಿಸಿ ಇಟ್ಟೆ. ಪಕ್ಕದಲ್ಲಿ ನನ್ನದನ್ನೂ ಇಟ್ಟೆ, ಮುಖ ಬಾಗಿಲ ಕಡೆಗೆ.